ರಿಬ್ಬನ್‌ನಿಂದ ಪ್ರೆಸ್‌ನೋಟಿನವರೆಗೆ: ಮುಂಬಯಿಯ ಉದ್ಘಾಟನಾ ಪ್ಯಾಕೇಜ್ ಹೇಗಿದೆ?

ದಹಿಸರಿನಿಂದ ದಾದರಿನವರೆಗೆ, ಇತ್ತ ಠಾಣೆ, ಡೊಂಬಿವಲಿಯಲ್ಲೂ, ಮಂಟಪದವರು, ಫ್ಲೆಕ್ಸ್ ಅಂಗಡಿಯವರು, ಫೋಟೊ-ವಿಡಿಯೊದವರು ಕೂಡಿ ಒಂದೇ ಬಿಲ್ಲಿನಲ್ಲಿ ಒದಗಿಸುವ ಸೇವೆ ಇದು. ನಗರಸೇವಕರೋ ಶಾಸಕರೋ ಬರುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ ಅಥವಾ ಗುದ್ದಲಿ ಹಾಕುತ್ತಾರೆ, ಫಲಕದ ಪರದೆ ಸರಿಯುತ್ತದೆ, ಸಂಜೆಯೊಳಗೆ ವಾಟ್ಸಾಪಿಗೂ ಮರುದಿನ ಪತ್ರಿಕೆಗೂ ಚಿತ್ರ ಹೋಗುತ್ತದೆ. ಪಕ್ಷದ ಶಾಖೆಗಳ ಜೊತೆಗೆ ಇಲ್ಲಿನ ಕನ್ನಡ ಸಂಘಗಳು, ಸಮಾಜದ ಸಂಘಗಳು, ಹೌಸಿಂಗ್ ಸೊಸೈಟಿಗಳೂ ಇದರ ಗಿರಾಕಿಗಳೇ. ವಾಚನಾಲಯದ ದುರಸ್ತಿ, ಸಭಾಂಗಣಕ್ಕೆ ಹೊಸ ಮಾಡು, ಗಲ್ಲಿಗೆ ಪೇವರ್ ಬ್ಲಾಕ್, ಶಾಸಕರ ನಿಧಿಯಿಂದ ಬಂದ ನಾಲ್ಕು ಬೆಂಚು, ಎಲ್ಲಕ್ಕೂ ಒಂದು ಕಾರ್ಯಕ್ರಮ ಆಗಲೇಬೇಕು. ಹಾಗಾಗಿ ದುಡ್ಡು ಕೊಟ್ಟು ಈ ಪ್ಯಾಕೇಜ್ ತರಿಸುವ ಕಾರ್ಯದರ್ಶಿಗಳಿಗೂ, ಅದರಿಂದ ಹೊರಬಂದ ಚಿತ್ರ ನೋಡಿ ಸರಕಾರವನ್ನು ಎಷ್ಟು ನಂಬಬೇಕು ಎಂದು ತೂಗುವವರಿಗೂ ಉಪಯೋಗವಾಗುವಂತೆ ಈ ವಿಮರ್ಶೆ. ಮೊದಲೇ ಹೇಳಿಬಿಡುತ್ತೇವೆ: ಚಿತ್ರಕ್ಕೆ ಐದರಲ್ಲಿ ನಾಲ್ಕು ಅಂಕ. ಚಿತ್ರದ ಹಿಂದಿನ ಕೆಲಸಕ್ಕೆ ಇವರ ಬಿಲ್ಲಿನಲ್ಲಿ ಸಾಲೇ ಇಲ್ಲ.

ವೇದಿಕೆ, ಫ್ಲೆಕ್ಸ್, ಕತ್ತರಿ

ಸಾಧಾರಣ ಸೆಟ್ಟಿನಲ್ಲಿ 16 ಅಡಿ ಅಗಲ, 12 ಅಡಿ ಆಳ, 2 ಅಡಿ ಎತ್ತರದ ವೇದಿಕೆ ಬರುತ್ತದೆ. ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈವುಡ್, ಮೇಲೊಂದು ಕೆಂಪು ಕಾರ್ಪೆಟ್. ಐದೋ ಏಳೋ ಸೋಫಾ, ಒಂದು ಪೋಡಿಯಂ, ಎರಡು ಸ್ಪೀಕರ್, ಕಾರ್ಡ್‌ಲೆಸ್ ಮೈಕ್, ಸಣ್ಣ ಜನರೇಟರ್. ಇವೆಲ್ಲ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ತಕರಾರು ಬರುವುದು ಫ್ಲೆಕ್ಸಿನಲ್ಲಿ. ನೀವು ಕೇಳದಿದ್ದರೆ ಅಂಗಡಿಯವರು ಹೊಳಪಿನ ಸ್ಟಾರ್ ಫ್ಲೆಕ್ಸ್ ಹಾಕುತ್ತಾರೆ. ಫ್ಲ್ಯಾಶ್ ಬಿದ್ದ ಕೂಡಲೇ ಮಧ್ಯದಲ್ಲಿ ಬಿಳಿ ಮಚ್ಚೆ ಎದ್ದು ಅರ್ಧ ಅಕ್ಷರ ಮಾಯ. ಮ್ಯಾಟ್ ಎಂದು ಆರ್ಡರಿನಲ್ಲೇ ಬರೆಸಬೇಕು.

ಇನ್ನೊಂದು ಲೆಕ್ಕ ಇದೆ. ಗಣ್ಯರು ಎದ್ದು ನಿಂತಾಗ ಫ್ಲೆಕ್ಸಿನ ಕೆಳಗಿನ ಐದೂವರೆ ಅಡಿ ಮುಚ್ಚಿಹೋಗುತ್ತದೆ. 8 ಅಡಿಯ ಫ್ಲೆಕ್ಸ್ ಆದರೆ ಚಿತ್ರದಲ್ಲಿ ಉಳಿಯುವುದು ಮೇಲಿನ ಎರಡೂವರೆ ಅಡಿ ಮಾತ್ರ. ಆ ಜಾಗದಲ್ಲಿ ಡಿಸೈನರ್ ನಾಯಕರ ಮುಖಗಳ ಸಾಲು ಕೂರಿಸುತ್ತಾನೆ. ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರ ಯಾರು, ಯಾವಾಗ ಮುಗಿಯಬೇಕು ಎಂಬುದು ಮೊಣಕಾಲಿನ ಮಟ್ಟಕ್ಕಿಳಿಯುತ್ತದೆ ಅಥವಾ ಇರುವುದೇ ಇಲ್ಲ. ಸಂಘದವರು ಹಟ ಹಿಡಿದರೆ ಬದಲಾಯಿಸಿಕೊಡುತ್ತಾರೆ, ಹೆಚ್ಚಿನ ದುಡ್ಡೇನೂ ಕೇಳುವುದಿಲ್ಲ. ಹಟ ಹಿಡಿಯುವವರೇ ಕಡಿಮೆ.

ರಿಬ್ಬನ್ ಎರಡು ಅಂಗುಲದ ಸ್ಯಾಟಿನ್. ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ಬಿಗಿಯಾಗಿ ಕಟ್ಟಿಸಿ. ಸಡಿಲ ಬಿಟ್ಟರೆ ಅದು ಕತ್ತರಿಯ ಎರಡು ಅಲಗುಗಳ ನಡುವೆ ಮಡಿಚಿಕೊಂಡು ಜಾರುತ್ತದೆ, ಮಾನ್ಯರು ನಾಲ್ಕು ಸಲ ಕತ್ತರಿ ಆಡಿಸಿದ್ದು ವಿಡಿಯೊದಲ್ಲಿ ದಾಖಲಾಗುತ್ತದೆ. ತಟ್ಟೆಯಲ್ಲಿ ಮಖಮಲ್ ಬಟ್ಟೆಯ ಮೇಲೆ ಬರುವ ಬಂಗಾರದ ಬಣ್ಣದ ಕತ್ತರಿ ನೋಟಕ್ಕೆ ಮಾತ್ರ. ಬಣ್ಣ ಹಿಡಿದ ಅಲಗಿಗೆ ಹರಿತ ಇರುವುದಿಲ್ಲ. ದರ್ಜಿಯ 9 ಅಂಗುಲದ ಕತ್ತರಿಯೊಂದು ಪಕ್ಕದವರ ಜೇಬಿನಲ್ಲಿರಲಿ. ಪಳಗಿದವರು ರಿಬ್ಬನ್ನಿನ ಕೆಳ ಅಂಚಿಗೆ ಕಾಲಂಗುಲದ ಗೀರು ಮೊದಲೇ ಹಾಕಿಡುತ್ತಾರೆ. ಈ ಮಟ್ಟಿನ ಏರ್ಪಾಡಿಗೆ ಯಾರದೂ ಆಕ್ಷೇಪವಿಲ್ಲ, ಮದುವೆಮನೆಯಲ್ಲೂ ಇಷ್ಟು ನಡೆಯುತ್ತದೆ.

ಫಲಕದ ಕಥೆ ಬೇರೆ. 3 ಅಡಿಗೆ 2 ಅಡಿಯ, 18 ಮಿಲಿಮೀಟರ್ ದಪ್ಪದ ಗ್ರಾನೈಟ್ ಫಲಕ ಸುಮಾರು 27 ಕಿಲೊ ತೂಗುತ್ತದೆ. ಹಿಂದಿನ ರಾತ್ರಿ ಬರೀ ಅಂಟು ಹಚ್ಚಿ ಡಿಸ್ಟೆಂಪರ್ ಗೋಡೆಗೆ ಒತ್ತಿದರೆ ಅಂಟು ಹಿಡಿಯುವುದು ಬಣ್ಣವನ್ನು, ಗೋಡೆಯನ್ನಲ್ಲ. ಬಣ್ಣ ಕೆರೆದು, ನಾಲ್ಕು ಮೂಲೆಗೆ ತೂತು ಹಾಕಿ ಸ್ಟೀಲ್ ಬೋಲ್ಟ್ ಬಿಗಿದು, ಕನಿಷ್ಠ 24 ಗಂಟೆ ಒಣಗಲು ಬಿಡಬೇಕು. ಹೆಸರುಗಳ ಅನುಕ್ರಮವನ್ನು ಸಂಬಂಧಪಟ್ಟ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳದೆ ಕಲ್ಲು ಕೆತ್ತಿಸಬೇಡಿ. ಕೊನೆಯ ಘಳಿಗೆಯಲ್ಲಿ ಒಂದು ಹೆಸರು ಮೇಲೆ ಹೋಗಬೇಕೆಂದು ಫೋನ್ ಬಂದೇ ಬರುತ್ತದೆ. ಆಗ ಪ್ಯಾಕೇಜಿನವರು ಕೊಡುವ ಉಪಾಯ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಯ ಮೇಲೆ ಗ್ರಾನೈಟ್ ಬಣ್ಣದ ವಿನೈಲ್ ಹಾಳೆ. ಚಿತ್ರದಲ್ಲಿ ಕಲ್ಲಿನಂತೆಯೇ ಕಾಣುತ್ತದೆ, ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಬಿಲ್ಲಿನಲ್ಲಿ ಮಾತ್ರ ಫಲಕ ಎಂದಷ್ಟೇ ಇರುತ್ತದೆ, ಆದ್ದರಿಂದ ಯಾವುದರ ಫಲಕ ಎಂದು ಬರೆಸಿಕೊಳ್ಳಿ.

ಕ್ಯಾಮೆರಾ ಕೆಲಸ

ಇಬ್ಬರು ಫೋಟೊದವರು ಬರುತ್ತಾರೆ. ಒಬ್ಬನ ಬಳಿ ಹತ್ತಿರದ ಅಗಲ ನೋಟಕ್ಕೆ 24-70 ಮಿಲಿಮೀಟರಿನ ಲೆನ್ಸ್, ಇನ್ನೊಬ್ಬನ ಬಳಿ ದೂರದ್ದನ್ನು ಹತ್ತಿರ ತರುವ 70-200. ಎರಡನೆಯವನೇ ಈ ಪ್ಯಾಕೇಜಿನ ಬಂಡವಾಳ. 200 ಮಿಲಿಮೀಟರಿನಲ್ಲಿ ದೂರ ನಿಂತು ತೆಗೆದರೆ ಹಿಂದು-ಮುಂದಿನ ಅಂತರ ಕುಗ್ಗುತ್ತದೆ. ಮೂರು ಅಡಿ ಬಿಟ್ಟು ಹಾಕಿದ ಕುರ್ಚಿಗಳ ಸಾಲು ಒಂದಕ್ಕೊಂದು ಒತ್ತಿಕೊಂಡಂತೆ ಕಂಡು ಅರವತ್ತು ಜನ ಕಿಕ್ಕಿರಿದ ಸಭೆಯಾಗುತ್ತಾರೆ. ಮೊದಲ ನಾಲ್ಕು ಸಾಲನ್ನು ತುಂಬಿಸಿ, ಹಿಂದಿನ ಕುರ್ಚಿಗಳನ್ನು ತೆಗೆಸಿ, ಕ್ಯಾಮೆರಾವನ್ನು ಕುಳಿತವರ ಭುಜದ ಮಟ್ಟಕ್ಕೆ ಇಳಿಸಿದರೆ ಕೆಲಸ ಆಯಿತು. ಇದರಲ್ಲಿ ಫೋಟೊಶಾಪ್ ಎಲ್ಲೂ ಇಲ್ಲ, ಲೆನ್ಸಿನ ಗುಣ ಅಷ್ಟೇ. ನೋಡುವವರಿಗೆ ಒಂದು ಸೂಚನೆ: ತಲೆಗಳನ್ನು ಬಿಟ್ಟು ಅಂಚುಗಳನ್ನು ನೋಡಿ. ಎಡ ಬಲದಲ್ಲಿ ಖಾಲಿ ನೆಲ ಕಾಣದಂತೆ ಬಿಗಿಯಾಗಿ ಕತ್ತರಿಸಿದ ಚಿತ್ರ, ಡ್ರೋನಿನ ಒಂದೂ ಚಿತ್ರವಿಲ್ಲದ ದೊಡ್ಡ ಸಭೆ, ಎರಡೂ ಅನುಮಾನಕ್ಕೆ ಅರ್ಹ.

ಭೂಮಿಪೂಜೆಗೆ ಹೊಸ ಗುದ್ದಲಿ, ಹಿಡಿಗೆ ರಿಬ್ಬನ್, ಅಲಗಿಗೆ ಕುಂಕುಮ, ಕೈಗೊಂದು ತೆಂಗಿನಕಾಯಿ. ಟಾರು ರಸ್ತೆಯಾದರೆ ಬದಿಯ ಎರಡು ಪೇವರ್ ಬ್ಲಾಕ್ ಕಿತ್ತು ಮಣ್ಣು ಸಡಿಲಿಸಿ ಇಟ್ಟಿರುತ್ತಾರೆ. ಇಲ್ಲಿ ನೋಡಬೇಕಾದ್ದು ಗುದ್ದಲಿಯ ಹಿಂದೆ ಏನಿದೆ ಎಂದು. ಬ್ಯಾರಿಕೇಡ್, ಸಾಮಗ್ರಿಯ ರಾಶಿ, ಗುತ್ತಿಗೆದಾರನ ಬೋರ್ಡು ಇದ್ದರೆ ಕೆಲಸದ ಆದೇಶ ಹೊರಟಿದೆ ಎಂದು ಊಹಿಸಬಹುದು. ಬರೀ ವೇದಿಕೆ ಇದ್ದರೆ ಆ ಎರಡು ಬ್ಲಾಕನ್ನು ಮರಳಿ ಕೂರಿಸುವ ಹೊಣೆ ಯಾರದ್ದು ಎಂದು ಮಂಟಪದವರನ್ನೇ ಕೇಳಿ. ಅಂದಹಾಗೆ ರಸ್ತೆಯಲ್ಲಿ ಕಂಬಕ್ಕೆ ಹೊಂಡ ತೋಡಿದರೆ ಪಾಲಿಕೆ ದಂಡ ಹಾಕುತ್ತದೆ. ರಸ್ತೆಯ ಉದ್ಘಾಟನೆಗೆಂದೇ ಹೊಸ ರಸ್ತೆಗೆ ಹೊಂಡ ತೋಡುವ ಮಂಟಪದವರೂ ಇದ್ದಾರೆ ಮಾರಾಯ್ರೆ. ಮರಳು ತುಂಬಿದ ಡ್ರಮ್ಮಿನಲ್ಲಿ ಕಂಬ ನಿಲ್ಲಿಸುವವರನ್ನೇ ಗೊತ್ತುಮಾಡಿ.

ಸ್ವಚ್ಛತಾ ಅಭಿಯಾನದ ಪ್ಯಾಕೇಜ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ ಬಯಲಾಗುವಂಥದ್ದು. ದಿನವೂ ಗುಡಿಸುವವರ ಹಿಡಿಸೂಡಿ ಒಂದೇ ಕಡೆಗೆ ಸವೆದು ಓರೆಯಾಗಿರುತ್ತದೆ. ಅಭಿಯಾನದ ಹಿಡಿಸೂಡಿಯ ಕಡ್ಡಿಗಳ ತುದಿ ಸಮ, ಹಿಡಿಗೆ ಕೆಲವೊಮ್ಮೆ ಅಂಗಡಿಯ ಪ್ಲಾಸ್ಟಿಕ್ ಕೂಡ. ಕಸ ಎಂದರೆ ಬರೀ ಒಣ ಎಲೆ, ಹಸಿ ಕಸ ಇಲ್ಲ, ಕೈಗವಸು ಬೆಳ್ಳಗೆ, ಚೀಲ ಕಟ್ಟಿ ಒಯ್ಯುವ ಗಾಡಿ ಚೌಕಟ್ಟಿನಲ್ಲೇ ಇಲ್ಲ. 2014ರ ನವೆಂಬರಿನಲ್ಲಿ ದಿಲ್ಲಿಯ ಇಂಡಿಯಾ ಇಸ್ಲಾಮಿಕ್ ಕಲ್ಚರಲ್ ಸೆಂಟರಿನ ಹೊರಗೆ ಆಗಿನ ದಿಲ್ಲಿ ಬಿಜೆಪಿ ಅಧ್ಯಕ್ಷ ಸತೀಶ್ ಉಪಾಧ್ಯಾಯ ಗುಡಿಸಿದ ಎಲೆಗಳನ್ನು ಸ್ವಲ್ಪ ಮೊದಲು ಅಲ್ಲಿ ತಂದು ಸುರಿಯುತ್ತಿದ್ದ ಚಿತ್ರಗಳೂ ಪತ್ರಿಕೆಗಳಲ್ಲಿ ಬಂದವು. ಸ್ವಚ್ಛ ಭಾರತ ಅಭಿಯಾನ ಶುರುವಾಗಿ ಆಗಿನ್ನೂ ಒಂದು ತಿಂಗಳು ಚಿಲ್ಲರೆ ದಿನ ಆಗಿತ್ತಷ್ಟೇ. ಏರ್ಪಾಡು ಮಾಡಿದವರು ಲೆಕ್ಕ ಹಾಕದ್ದು ಒಂದೇ, ಫೋಟೊದವರು ಗಣ್ಯರಿಗಿಂತ ಮುಂಚೆ ಬರುತ್ತಾರೆ. ಜಾಗ ಹಿಡಿಯಲು ಅವರು ಅರ್ಧ ಗಂಟೆ ಮೊದಲೇ ಬರಲೇಬೇಕು.

ಕೈಕೊಡುವುದು ಎಲ್ಲಿ

ತಿದ್ದಿದ ಚಿತ್ರ ಸಿಕ್ಕಿಬೀಳುವುದು ಬೇಗ. 2015ರ ಚೆನ್ನೈ ಪ್ರವಾಹದ ಹೊತ್ತಿಗೆ ಕೇಂದ್ರದ ವಾರ್ತಾ ಕಚೇರಿಯಾದ ಪಿಐಬಿ, ಪ್ರಧಾನಿ ವಿಮಾನದ ಕಿಟಕಿಯಿಂದ ನೋಡುವ ಚಿತ್ರದಲ್ಲಿ ಕಿಟಕಿಯಾಚೆಯ ನೋಟವನ್ನು ಬೇರೆಯಾಗಿ ಅಂಟಿಸಿ ಹಾಕಿ, ಜನ ಹಿಡಿದ ಮೇಲೆ ಅಳಿಸಿತು. ಪ್ರಧಾನಿ ಅಲ್ಲಿಗೆ ಹೋಗಿದ್ದು ನಿಜ, ನೋಡಿದ್ದೂ ನಿಜ. ನಿಜಕ್ಕೆ ಹೊಳಪು ಕೊಡಲು ಹೋಗಿ ಅದನ್ನೇ ಅನುಮಾನಕ್ಕೆ ದೂಡಿದರು.

ಚೌಕಟ್ಟಿನಲ್ಲಿ ಯಾರಿದ್ದಾರೆ ಎಂಬುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಮುಂಬಯಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2008ರ ನವೆಂಬರ್ 26ರ ದಾಳಿ ಮುಗಿದ ಕೂಡಲೇ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ತಾಜ್ ಹೋಟೆಲಿನ ಪರಿಶೀಲನೆಗೆ ಹೋದರು. ಜೊತೆಯಲ್ಲಿ ನಟನಾದ ಮಗ ರಿತೇಶ್ ಮತ್ತು ನಿರ್ದೇಶಕ ರಾಮ್ ಗೋಪಾಲ್ ವರ್ಮ ಇದ್ದದ್ದು ಟಿವಿಯಲ್ಲಿ ಕಂಡಿತು. ಅಲ್ಲಿ ಯಾರೂ ವೇದಿಕೆ ಕಟ್ಟಿರಲಿಲ್ಲ, ರಿಬ್ಬನ್ ಇರಲಿಲ್ಲ. ಆದರೂ ದಾಳಿಯ ನಿರ್ವಹಣೆಯ ಮೇಲಿದ್ದ ಸಿಟ್ಟಿಗೆ ಆ ದೃಶ್ಯ ತುಪ್ಪ ಸುರಿಯಿತು. ಕೆಲವೇ ದಿನಗಳಲ್ಲಿ ರಾಜೀನಾಮೆ, ಡಿಸೆಂಬರ್ 8ಕ್ಕೆ ಅಶೋಕ್ ಚವಾಣ್ ಪ್ರಮಾಣವಚನ. ಸಂಘದ ಕಾರ್ಯಕ್ರಮಕ್ಕೆ ಇಷ್ಟು ಭಾರ ಇರುವುದಿಲ್ಲ. ಆದರೂ ಯಾರು ಕೆಲಸ ಮಾಡಿಸಿದರೋ ಅವರನ್ನು ಬಿಟ್ಟು ಯಾರು ಪರಿಚಯಸ್ಥರೋ ಅವರನ್ನು ಮುಂದಿನ ಸಾಲಿಗೆ ತರುವ ಚಪಲ ನಮ್ಮಲ್ಲೂ ಕಡಿಮೆಯಿಲ್ಲ.

ಇವೆಲ್ಲ ಚಿತ್ರದೊಳಗಿನ ದೋಷ. ಈ ಸೇವೆಯ ನಿಜವಾದ ಕೊರತೆ ಚಿತ್ರದ ಹೊರಗಿದೆ: ಇಲ್ಲಿ ಉದ್ಘಾಟನೆಯ ದಿನವೇ ಸರಕು ತಲುಪಿದಂತೆ ಲೆಕ್ಕ, ಮಾರಾಟದ ನಂತರದ ಸೇವೆ ಇಲ್ಲ. ಅಂಧೇರಿಯ ಗೋಖಲೆ ಸೇತುವೆಯನ್ನೇ ತೆಗೆದುಕೊಳ್ಳಿ. 2022ರ ನವೆಂಬರ್ 7ರಂದು ಮುಚ್ಚಿದ್ದು 2024ರ ಫೆಬ್ರವರಿ 26ರಂದು ಭಾಗಶಃ ತೆರೆಯಿತು. ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಅದಕ್ಕೂ ಎತ್ತರ ಹೊಂದುತ್ತಿರಲಿಲ್ಲ, ನಡುವೆ ಒಂದೂವರೆ ಮೀಟರಿನ ಆಸುಪಾಸಿನ ಅಂತರ. ಬರ್ಫಿವಾಲಾದ ತುದಿಯನ್ನು ಹೈಡ್ರಾಲಿಕ್ ಜ್ಯಾಕಿನಿಂದ ಎತ್ತಿ ಜೋಡಿಸಲು ಜುಲೈ ಬಂತು. ಜನ ಗಹಗಹಿಸಿ ಹಂಚಿಕೊಂಡದ್ದು ಆ ಅಂತರದ ಚಿತ್ರವನ್ನು. ಉದ್ಘಾಟನೆಯ ಚಿತ್ರ ಯಾರಿಗೂ ನೆನಪಿಲ್ಲ.

ನೆಲದಡಿಯಲ್ಲಿ ಓಡುವ ಮೆಟ್ರೊ 3ರ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್)–ಆಚಾರ್ಯ ಅತ್ರೆ ಚೌಕ್ ಭಾಗಕ್ಕೆ ಹಸಿರು ಬಾವುಟ ಬಿದ್ದದ್ದು 2025ರ ಮೇ 9. ಮೇ 26ರ ಮಳೆಗೆ, ಇನ್ನೂ ಕಟ್ಟುತ್ತಿದ್ದ ದ್ವಾರದ ಕಡೆಯ ತಡೆಗೋಡೆ ಕುಸಿದು ಆಚಾರ್ಯ ಅತ್ರೆ ಚೌಕ್ ನಿಲ್ದಾಣದೊಳಗೆ ಕೆಸರು ನೀರು ನುಗ್ಗಿತು. ಉದ್ಘಾಟನೆಯ ಚಿತ್ರ ಯಾವಾಗಲೂ ಮುಗಿದ ದ್ವಾರದಲ್ಲಿ ತೆಗೆಯುವಂಥದ್ದು, ನೀರು ಮುಗಿಯದ ದ್ವಾರದಿಂದ ಬರುವಂಥದ್ದು. ಹಾಗಾಗಿ ಯಾವುದೇ ನಿಲ್ದಾಣವೋ ಆಸ್ಪತ್ರೆಯೋ ತೆರೆದಾಗ ಒಟ್ಟು ಎಷ್ಟು ದ್ವಾರ, ಎಷ್ಟು ತೆರೆದಿವೆ ಎಂದು ಕೇಳುವುದು ಒಳ್ಳೆಯ ಮೊದಲ ಪ್ರಶ್ನೆ.

ಮಾಲ್ವಣದ ರಾಜಕೋಟ್ ಕೋಟೆಯ 35 ಅಡಿಯ ಶಿವಾಜಿ ಪ್ರತಿಮೆ 2023ರ ಡಿಸೆಂಬರ್ 4ರಂದು ಪ್ರಧಾನಿಯವರಿಂದ ಅನಾವರಣಗೊಂಡು 2024ರ ಆಗಸ್ಟ್ 26ರಂದು ಉರುಳಿತು. ಪ್ರಧಾನಿ ಕ್ಷಮೆ ಕೇಳಿದ್ದು ಅದೇ ಆಗಸ್ಟ್ 30ರಂದು ಪಾಲ್ಘರಿನಲ್ಲಿ, ವಾಢವಣ್ ಬಂದರಿನ ಶಿಲಾನ್ಯಾಸದ ವೇದಿಕೆಯಿಂದ. ಒಂದು ಅನಾವರಣಕ್ಕೆ ಇನ್ನೊಂದು ಶಿಲಾನ್ಯಾಸದಲ್ಲಿ ಕ್ಷಮೆ. ಮಹಾರಾಷ್ಟ್ರದಲ್ಲಿ ಈ ಸೇವೆಗೆ ಎಷ್ಟು ಗಿರಾಕಿ ಇದೆ ಎಂಬುದಕ್ಕೆ ಬೇರೆ ಅಂಕಿಅಂಶ ಬೇಡ.

ಹೂಳೆತ್ತುವ ಕೆಲಸದ ಚಿತ್ರಗಳನ್ನು ಕಂಡಾಗ ಇನ್ನೂ ಎಚ್ಚರ ಬೇಕು. ನಾಲಾದೊಳಗೆ ಅಗೆಯುವ ಪೊಕ್ಲೇನ್ ಯಂತ್ರ, ದಡದಲ್ಲಿ ರೇನ್‌ಕೋಟ್ ಹಾಕಿದ ನಾಯಕರು, ಪ್ರತಿ ಮೇ ತಿಂಗಳು ಇದೇ ದೃಶ್ಯ. 2025ರ ಮೇ ತಿಂಗಳಲ್ಲಿ ಮೀಠಿ ನದಿಯ ಹೂಳಿನ ಬಗ್ಗೆ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ ದಾಖಲಿಸಿದ ಪ್ರಕರಣದಲ್ಲಿ ಪಾಲಿಕೆಗೆ ಸುಮಾರು 65 ಕೋಟಿ ರೂಪಾಯಿ ನಷ್ಟದ ಆರೋಪವಿದೆ. ಹೂಳು ಸುರಿಯುವ ಜಾಗದ ಒಪ್ಪಂದಪತ್ರಗಳೇ ನಕಲಿ ಎಂಬುದು ಅದರ ಒಂದು ಭಾಗ. ಯಂತ್ರ ಬಗೆಯುವುದನ್ನು ಯಾರು ಬೇಕಾದರೂ ಫೋಟೊ ತೆಗೆಯಬಹುದು. ಹೂಳು ಎಲ್ಲಿಗೆ ಹೋಯಿತು, ಲಾರಿ ತುಂಬಿದಾಗ ಎಷ್ಟು, ಖಾಲಿ ಆದಾಗ ಎಷ್ಟು ತೂಗಿತು ಎಂಬ ಚೀಟಿ ಮುಖ್ಯ, ಅದು ಫೋಟೊಗೆ ಚೆಂದ ಕಾಣುವುದಿಲ್ಲ.

ತಾರೀಕು ಮತ್ತು ಪರವಾನಗಿ

ಪ್ಯಾಕೇಜಿನವರಿಗೆ ಬಿಡುವಿಲ್ಲದ ಹೊತ್ತು ಯಾವುದೆಂದು ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತದೆ. ಚುನಾವಣೆ ಘೋಷಣೆಯಾದ ಕ್ಷಣದಿಂದ ಸಚಿವರು ಶಿಲಾನ್ಯಾಸ ಮಾಡುವಂತಿಲ್ಲ, ಹೊಸ ಯೋಜನೆ ಘೋಷಿಸುವಂತಿಲ್ಲ. ಕೋಸ್ಟಲ್ ರೋಡಿನ ಮೊದಲ ಹಂತ ತೆರೆದದ್ದು 2024ರ ಮಾರ್ಚ್ 11, ಲೋಕಸಭಾ ಚುನಾವಣೆ ಘೋಷಣೆ ಮಾರ್ಚ್ 16. ಮೆಟ್ರೊ 3ರ ಮೊದಲ ಹಂತ ಅಕ್ಟೋಬರ್ 5, ವಿಧಾನಸಭಾ ಚುನಾವಣೆ ಘೋಷಣೆ ಅಕ್ಟೋಬರ್ 15. ಕೆಲಸ ಸುಳ್ಳು ಎಂದು ಇದರ ಅರ್ಥವಲ್ಲ, ಎರಡೂ ಜನ ದಿನವೂ ಬಳಸುವ ಸೌಕರ್ಯಗಳೇ. ಆದರೆ ತಾರೀಕನ್ನು ಇಂಜಿನಿಯರ್ ಗೊತ್ತುಮಾಡಿದನೋ ಬೇರೆ ಯಾರಾದರೂ ಗೊತ್ತುಮಾಡಿದರೋ ಎಂದು ಕೇಳುವ ಹಕ್ಕು ಟಿಕೇಟು ಕೊಂಡವರಿಗಿದೆ. ಇದಕ್ಕೆ ತದ್ವಿರುದ್ಧ ಘಟನೆಯೂ ಆಗಿದೆ: 2023ರ ನವೆಂಬರಿನಲ್ಲಿ ಲೋವರ್ ಪರೇಲಿನ ಡಿಲೈಲ್ ಸೇತುವೆಯ ಒಂದು ಬದಿಯನ್ನು ಆಗ ವಿರೋಧ ಪಕ್ಷದಲ್ಲಿದ್ದ ಶಾಸಕ ಆದಿತ್ಯ ಠಾಕ್ರೆ ಅನುಮತಿಯಿಲ್ಲದೆ ತೆರೆದರೆಂದು ಪಾಲಿಕೆಯ ದೂರಿನ ಮೇಲೆ ಪೊಲೀಸ್ ಪ್ರಕರಣವಾಯಿತು. ಅದಾಗಿ ಕೆಲವೇ ದಿನಗಳಲ್ಲಿ ಅದು ಅಧಿಕೃತವಾಗಿ ತೆರೆಯಿತು. ಸೇತುವೆಗಿಂತ ರಿಬ್ಬನ್ ಯಾರದು ಎಂಬುದಕ್ಕೆ ಬೆಲೆ ಹೆಚ್ಚು.

ಪರವಾನಗಿಯ ವಿಷಯದಲ್ಲಿ ಪ್ಯಾಕೇಜಿಗೆ ಕಡಿಮೆ ಅಂಕ. ‘ಎಲ್ಲ ನಾವೇ ನೋಡಿಕೊಳ್ತೇವೆ’ ಎನ್ನುತ್ತಾರೆ, ನೋಡಿಕೊಳ್ಳುವುದಿಲ್ಲ. ರಸ್ತೆ ಬದಿ ವೇದಿಕೆಗೆ ವಾರ್ಡ್ ಆಫೀಸ್, ಸ್ಥಳೀಯ ಠಾಣೆ ಮತ್ತು ಟ್ರಾಫಿಕ್ ಪೊಲೀಸರ ಅನುಮತಿ ಬೇಕು. ಬ್ಯಾನರಿಗೆ ಮುಂಬಯಿ ಪಾಲಿಕೆ ಕಾಯ್ದೆಯ 328 ಮತ್ತು 328ಎ ಕಲಂಗಳ ಪ್ರಕಾರ ಪ್ರತ್ಯೇಕ ಪರವಾನಗಿ. ಮಹಾರಾಷ್ಟ್ರದ 1995ರ ಸ್ವತ್ತು ವಿರೂಪ ತಡೆ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಅಕ್ರಮ ಬ್ಯಾನರುಗಳ ಬಗ್ಗೆ ಬಾಂಬೆ ಹೈಕೋರ್ಟ್ 2017ರ ಜನವರಿಯಲ್ಲೇ ಕಟ್ಟುನಿಟ್ಟಿನ ಆದೇಶ ಕೊಟ್ಟಿದೆ. ಬ್ಯಾನರಿನಲ್ಲಿ ಮುಖ ಯಾರದೇ ಇರಲಿ, ಕೆಳಗೆ ಸೌಜನ್ಯ ಎಂದು ನಿಮ್ಮ ಸಂಘದ ಹೆಸರಿದ್ದರೆ ನೋಟಿಸ್ ಬರುವುದು ನಿಮಗೆ. ದೂರು ಕೊಡುವವರಿಗೆ ಪಾಲಿಕೆಯ ಸಂಖ್ಯೆ 1916.

ಕೊಳ್ಳುವುದಾದರೆ ಹೀಗೆ

ನಾಲ್ಕು ಬೆಂಚಿಗೆ ಇಡೀ ಪ್ಯಾಕೇಜ್ ಬೇಡ. ಒಂದು ತೆಂಗಿನಕಾಯಿ, ಒಂದು ಮೈಕ್, ಸದಸ್ಯರಲ್ಲೇ ಒಬ್ಬರ ಫೋನ್ ಸಾಕು. ಸಭಾಂಗಣ, ರಸ್ತೆ, ಶೌಚಾಲಯದಂಥ ದೊಡ್ಡ ಕೆಲಸಕ್ಕಾದರೆ ವೇದಿಕೆ ಮತ್ತು ಫೋಟೊದವರ ಬಿಲ್ಲನ್ನು ಬೇರೆಬೇರೆ ಮಾಡಿಸಿ. ಒಟ್ಟಿಗಿದ್ದರೆ ಯಾವುದು ಕೆಟ್ಟಿತು ಎಂದು ಹೇಳಿ ದುಡ್ಡು ಹಿಡಿಯಲು ಬರುವುದಿಲ್ಲ.

ಫೋಟೊದವನಿಗೆ ಕೊಡುವ ಕೆಲಸದ ಚೀಟಿಯಲ್ಲಿ ಮುಖಗಳ ಪಟ್ಟಿಯ ಜೊತೆ ಜಾಗಗಳ ಪಟ್ಟಿಯೂ ಇರಲಿ. ಕೆಲಸ ಶುರುವಾಗುವ ಮೊದಲು, ಮುಗಿದ ದಿನ, ಮತ್ತು ಒಂದು ಮಳೆಗಾಲ ಕಳೆದ ಮೇಲೆ, ಮೂರೂ ಸಲ ಅದೇ ಮೂಲೆಯಲ್ಲಿ ನಿಂತು, ಅದೇ ಲೆನ್ಸ್ ಅಳತೆಯಲ್ಲಿ, ಜನರಿಲ್ಲದ ಚಿತ್ರ. ನಿಲ್ಲುವ ಜಾಗಕ್ಕೆ ನೆಲದಲ್ಲಿ ಬಣ್ಣದ ಗುರುತು ಹಾಕಿಸಿ, ಚೌಕಟ್ಟಿನೊಳಗೆ ಕದಲದ ಒಂದು ವಸ್ತು, ಗೋಡೆಯ ಮೂಲೆಯೋ ದೀಪದ ಕಂಬವೋ, ಇರುವಂತೆ ನೋಡಿ. ಮೂಲ ಫೈಲುಗಳನ್ನೇ ಪೆನ್‌ಡ್ರೈವಿನಲ್ಲಿ ಪಡೆಯಿರಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಕ್ಯಾಮೆರಾ ಬರೆದಿಟ್ಟ ತಾರೀಕು, ಸಮಯ ಅಳಿಸಿಹೋಗುತ್ತವೆ. ಚಿತ್ರದ ಮೇಲೆಯೇ ಅಚ್ಚಾದ ಅಕ್ಷಾಂಶ-ರೇಖಾಂಶವನ್ನೂ ಪೂರ್ತಿ ನಂಬಬೇಡಿ, ಫೋನಿನ ಗಡಿಯಾರವನ್ನೂ ಜಾಗವನ್ನೂ ಬದಲಾಯಿಸುವುದು ಕಷ್ಟದ ಕೆಲಸವಲ್ಲ. ನೆರಳಿನ ದಿಕ್ಕು ಆ ಹೊತ್ತಿಗೆ ಹೊಂದುತ್ತದೆಯೇ ಎಂದು ಒಮ್ಮೆ ನೋಡಿದರೆ ಅರ್ಧ ಮೋಸ ಅಲ್ಲೇ ಸಿಗುತ್ತದೆ.

ಚಿತ್ರಕ್ಕೆ ಕಾಗದದ ಬೆಂಬಲವೂ ಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೆಲಸದ ಆದೇಶ, ಅಳತೆ ಪುಸ್ತಕದ ಪ್ರತಿ, ಮುಗಿದ ಪ್ರಮಾಣಪತ್ರ, ದೋಷ ಹೊಣೆಗಾರಿಕೆಯ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) ಎಷ್ಟು ಎಂದು ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು. ಅದೇ ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಹೋಗಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ ಎಂಬುದು ಸೊಸೈಟಿಗಳಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅರ್ಜಿಯನ್ನು ಉದ್ಘಾಟನೆಗೆ ಮೊದಲೇ ಹಾಕುವುದು ಜಾಣತನ. ಆಗ ಕಚೇರಿಯವರಿಗೂ ಕಡತ ಹುಡುಕುವ ಉತ್ಸಾಹ ಇರುತ್ತದೆ.

ಫೋಟೊದವನ ಬಿಲ್ಲಿನಲ್ಲಿ ಹತ್ತನೇ ಒಂದು ಪಾಲನ್ನು ಮಳೆಗಾಲದ ನಂತರದ ಚಿತ್ರಕ್ಕೆಂದು ತಡೆದಿಡಿ, ಚೀಟಿಯಲ್ಲಿ ಅದನ್ನು ಬರೆದು ಸಹಿ ಹಾಕಿಸಿ. ಒಪ್ಪದವರು ಇದ್ದಾರೆ, ಒಪ್ಪುವವರೂ ಮಾಟುಂಗಾದಿಂದ ಮುಲುಂಡಿನವರೆಗೆ ಸಿಗುತ್ತಾರೆ. ಆ ಚಿತ್ರವನ್ನು ಪತ್ರಿಕೆಗೆ ಕಳಿಸುವಾಗ ಅಡಿಬರಹದಲ್ಲಿ ಗಣ್ಯರ ಹೆಸರಿನ ಬದಲು ತಾರೀಕು, ಗುತ್ತಿಗೆದಾರನ ಹೆಸರು, ಎಲ್ಲೆಲ್ಲಿ ಬಿರುಕು ಎಂದು ಹಾಕಿ. ಎಡದಿಂದ ಬಲಕ್ಕೆ.